ಸರ್ಕಾರಿ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಎಷ್ಟು ಸಿಬ್ಬಂದಿ ಬೇಕು ಅಂತ ಸರ್ಕಾರ ಯಾಕೆ ಹೇಳಬೇಕು?

ಎಷ್ಟು ಜನ ಬೇಕು ಅಂತ ಆಸ್ಪತ್ರೆಗೇ ಗೊತ್ತಿರುತ್ತದೆ, ಸರ್ಕಾರ ಯಾಕೆ ಮಧ್ಯೆ ಬರಬೇಕು ಅನ್ನುವುದು ನಿಮ್ಮ ಪ್ರಶ್ನೆ ಅಲ್ವಾ? ಸಂಬಳ ಹೋಗುವುದು ಜನರ ತೆರಿಗೆ ದುಡ್ಡಿನಿಂದ, ಅದಕ್ಕೆ. ಒಂದು ಕಾಯಂ ಹುದ್ದೆ ಕೊಟ್ಟರೆ ಅದರ ಖರ್ಚು ವರ್ಷಗಟ್ಟಲೆ ಇರುತ್ತದೆ, ಹಾಗಾಗಿ ಹಣಕಾಸಿನವರು ಸಂಖ್ಯೆಗೆ ಮಿತಿ ಹಾಕಲು ನೋಡುತ್ತಾರೆ, ಆರೋಗ್ಯ ಇಲಾಖೆಯವರು ರೋಗಿಗಳ ಸುರಕ್ಷತೆ ಕೇಳುತ್ತಾರೆ, ಶಿಕ್ಷಣದವರು ಪಾಠ ಮಾಡುವ ವೈದ್ಯರು ಸಾಕಷ್ಟಿದ್ದಾರಾ ಅಂತ ಕೇಳುತ್ತಾರೆ. ಫೈಲು ಒಂದೇ, ಯಜಮಾನರು ಮೂವರು!

ಎಡವಟ್ಟಾಗುವುದು ಲೆಕ್ಕದಲ್ಲಿ. ಐಸಿಯುನಲ್ಲಿ ಒಬ್ಬ ನರ್ಸ್ ಹಗಲು ರಾತ್ರಿ ಇರಲೇಬೇಕು ಅಂದರೆ ವಾರಕ್ಕೆ 168 ಗಂಟೆ. ಒಬ್ಬರು 40 ಗಂಟೆ ದುಡಿದರೂ 4 ಜನ ಸಾಲುವುದಿಲ್ಲ, ರಜೆ, ಕಾಯಿಲೆ, ತರಬೇತಿ ಸೇರಿಸಿದರೆ 5 ಜನ ಬೇಕಾಗುತ್ತದೆ. ಸುಮ್ನೆ ಹಾಸಿಗೆ ಎಣಿಸಿ ಹುದ್ದೆ ಕೊಟ್ಟರೆ ಇದು ಕಾಣುವುದೇ ಇಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಹೊರೆ ಅಳೆದು ಸಿಬ್ಬಂದಿ ಲೆಕ್ಕ ಹಾಕುವ ವಿಧಾನವನ್ನು ರೂಪಿಸಿದೆ.

ಕೆಲವು ಕಡೆ ಕಾನೂನೇ ಇದೆ. ಕ್ಯಾಲಿಫೋರ್ನಿಯಾದಲ್ಲಿ 2004ರಲ್ಲಿ ಜಾರಿಯಾದ ನಿಯಮದಂತೆ ಐಸಿಯುನಲ್ಲಿ ಒಬ್ಬ ನರ್ಸ್‌ಗೆ 2ಕ್ಕಿಂತ ಜಾಸ್ತಿ ರೋಗಿಗಳನ್ನು ಕೊಡುವಂತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಹೆಚ್ಚಿದ್ದು ಕಂಡುಬಂತು.

ನನ್ನ ಕೇಳಿದರೆ, ಮಂಜೂರಾದ ಹುದ್ದೆಗಳ ಪಟ್ಟಿ ನೋಡುವುದಕ್ಕಿಂತ ಹೋದ ತಿಂಗಳ ರಾತ್ರಿ ಪಾಳಿಯ ಹಾಜರಿ ಪುಸ್ತಕ ತರಿಸಿಕೊಳ್ಳುವುದು ಮೇಲು. ಖಾಲಿ ಹುದ್ದೆಗಳು ಗೊತ್ತಾಗುವುದು ಅಲ್ಲೇ.