ಪ್ರತಿಕ್ರಿಯೆ: ಅಯಸ್ಕಾಂತದ ಪಟ್ಟಿ ಮತ್ತು ರಕ್ತದ ಕಬ್ಬಿಣ

ತಾಯಿಯವರ ಮೊಣಕಾಲಿಗೆ ಕಟ್ಟುವ ಅಯಸ್ಕಾಂತದ ಪಟ್ಟಿಯು ರಕ್ತದ ಕಬ್ಬಿಣವನ್ನು ಸೆಳೆದು ರಕ್ತಸಂಚಾರ ಹೆಚ್ಚಿಸುತ್ತದೆಂದು ಬದಿಯಡ್ಕದ ಮಾರಾಟಗಾರರೊಬ್ಬರು ಹೇಳಿದ್ದು ನಿಜವೇ ಎಂದು ತಾವು ಕೇಳಿದ್ದೀರಿ. ನಿಜವಲ್ಲ. ನಮ್ಮ ಹೊಳೆಬದಿಯ ಮರಳಿನಲ್ಲಿ ಅಯಸ್ಕಾಂತ ಎಳೆದಾಗ ಮೀಸೆಯಂತೆ ಅಂಟಿಕೊಳ್ಳುವ ಕಪ್ಪು ಹರಳುಗಳ ಕಬ್ಬಿಣವೇ ಬೇರೆ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನೊಳಗೆ ಬಿಡಿಬಿಡಿ ಪರಮಾಣುಗಳಾಗಿ ಬಂಧಿತವಾದ ಕಬ್ಬಿಣದ ವರ್ತನೆಯೇ ಬೇರೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ತೀರ ಕ್ಷೀಣವಾಗಿ ದೂರ ಸರಿಯುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಕ್ಷೀಣವಾಗಿ ಸೆಳೆಯಲ್ಪಡುತ್ತದೆ ಎಂಬುದನ್ನು ರಸಾಯನವಿಜ್ಞಾನಿಗಳಾದ ಪೌಲಿಂಗ್ ಮತ್ತು ಕೊರಿಯೆಲ್ 1936ರಲ್ಲಿಯೇ ತೋರಿಸಿದ್ದಾರೆ. ಎಂ.ಆರ್.ಐ. ಯಂತ್ರದ 1.5 ಅಥವಾ 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಕಾಂತಕ್ಷೇತ್ರದಲ್ಲಿ ಮಲಗಿದವರ ರಕ್ತವೂ ಎಂದಿನಂತೆಯೇ ಹರಿಯುತ್ತಿರುತ್ತದೆ. 1997ರಲ್ಲಿ ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನಲ್ಲಿ ಸುಮಾರು 16 ಟೆಸ್ಲಾ ಕ್ಷೇತ್ರದಲ್ಲಿ ಜೀವಂತ ಕಪ್ಪೆಯೊಂದನ್ನು ಗಾಳಿಯಲ್ಲಿ ತೇಲಿಸಿದ್ದರು. ಅದಕ್ಕೂ ಕಾರಣ ಕಬ್ಬಿಣವಲ್ಲ, ಮುಖ್ಯವಾಗಿ ಮೈಯೊಳಗಿನ ನೀರು, ಮತ್ತು ಆ ಕಪ್ಪೆಗೆ ಕಾಣುವಂಥ ತೊಂದರೆಯೇನೂ ಆಗಲಿಲ್ಲ.

ಹಾಗೆಂದು ಜೀವಕೋಶಗಳಿಗೆ ಅಯಸ್ಕಾಂತವೇ ತಿಳಿಯದೆಂದಲ್ಲ: ಕೆಲವು ಬ್ಯಾಕ್ಟೀರಿಯಗಳು ತಮ್ಮೊಳಗೇ ಮ್ಯಾಗ್ನಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜದ ಹರಳುಗಳ ಸಾಲು ಕಟ್ಟಿಕೊಂಡು ಭೂಮಿಯ ಕಾಂತಕ್ಷೇತ್ರದ ದಿಕ್ಕಿನಲ್ಲಿ ಈಜುತ್ತವೆ. ಮೊಣಕಾಲಿನ ಕೋಶಗಳಲ್ಲಿ ಅಂಥ ಏರ್ಪಾಡಿಲ್ಲ.

ತಾಯಿಯವರಿಗೆ ಹೃದಯದ ಬಡಿತವನ್ನು ನಿಯಂತ್ರಿಸುವ ಪೇಸ್‌ಮೇಕರ್ ಇದ್ದರೆ ಮಾತ್ರ ದಯವಿಟ್ಟು ಆ ಪಟ್ಟಿಯನ್ನು ಎದೆಯ ಹತ್ತಿರ ತರಬೇಡಿ, ಏಕೆಂದರೆ ಅಯಸ್ಕಾಂತ ಸಮೀಪಿಸಿದಾಗ ಪೇಸ್‌ಮೇಕರಿನ ಕಾರ್ಯವಿಧಾನವೇ ಬದಲಾಗಬಹುದು.