ಕಳ್ಳನಲ್ಲದವನೂ ಹೆಗಲು ಮುಟ್ಟಿ ನೋಡಿಕೊಳ್ಳುವ ಲೋಕ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ: ಸರ್ಕಾರ ತನ್ನ ಜನರ ಮೇಲೆ ಹಗಲೂ ರಾತ್ರಿ ಕಣ್ಣಿಡುವ ಕಾದಂಬರಿಗಳು. ಡಿಸ್ಟೋಪಿಯಾ ಎಂದು ಕರೆಯುವ ಈ ಕಥೆಗಳನ್ನು ನಾನು 22 ವರ್ಷ ಪಾಠ ಮಾಡಿದ್ದೇನೆ. ಈಗಲೂ ಓದುತ್ತೇನೆ, ಈಗಲೂ ಹೆದರುತ್ತೇನೆ. ಇಬ್ಬರು ಓದುಗರು ‘ಹೆಸರು ಹಾಕಬೇಡಿ’ ಎಂದು ಕೇಳಿಕೊಂಡಿದ್ದಾರೆ. ಹಾಗಾಗಿ ಈ ಸಲ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಕಾಲೇಜು ವಿದ್ಯಾರ್ಥಿನಿ. ಜಾರ್ಜ್ ಆರ್ವೆಲ್ ಅವರ ‘1984’ ಓದಿದೆ. ಮೊದಲರ್ಧದಲ್ಲಿ ಕಥಾನಾಯಕ ವಿನ್‌ಸ್ಟನ್‌ಗೆ ಯಾರೂ ಏನೂ ಮಾಡುವುದಿಲ್ಲ. ಹೊಡೆಯುವುದಿಲ್ಲ, ಹಿಡಿಯುವುದಿಲ್ಲ. ಆದರೂ ಓದುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಯಾಕೆ?

ಉತ್ತರ: ಅವನ ಮನೆಯ ಗೋಡೆಯ ಮೇಲಿನ ಟೆಲಿಸ್ಕ್ರೀನ್ ನೆನಪಿದೆ ಅಲ್ವಾ? ಅದು ಚಿತ್ರ ತೋರಿಸುತ್ತದೆ, ಜೊತೆಗೆ ಮನೆಯೊಳಗೆ ನಡೆಯುವುದನ್ನೆಲ್ಲ ನೋಡುತ್ತದೆ, ಕೇಳಿಸಿಕೊಳ್ಳುತ್ತದೆ. ದನಿ ಕಮ್ಮಿ ಮಾಡಬಹುದು, ಪೂರ್ತಿ ಆರಿಸುವ ಹಾಗಿಲ್ಲ. ಆದರೆ ಈ ಹೊತ್ತಿನಲ್ಲಿ ಆ ಕಡೆ ಯಾರಾದರೂ ಕೂತಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಇರಬಹುದು. ಇಲ್ಲದೆಯೂ ಇರಬಹುದು. ಆ ‘ಬಹುದು’ ಇದೆಯಲ್ಲ, ನಿಮ್ಮ ಎದೆ ಹೊಡೆದುಕೊಂಡದ್ದು ಅದಕ್ಕೆ.

ಎದುರಿಗೆ ಪೊಲೀಸ್ ನಿಂತಿದ್ದರೆ ಹುಷಾರಾಗಿರುತ್ತೇವೆ. ಅವನು ಅತ್ತ ಹೋದ ಮೇಲೆ ಉಸಿರು ಬಿಡುತ್ತೇವೆ. ವಿನ್‌ಸ್ಟನ್‌ಗೆ ಆ ಉಸಿರು ಬಿಡುವ ಗಳಿಗೆ ಸಿಗುವುದೇ ಇಲ್ಲ. ಹಾಗಾಗಿ ತನ್ನ ಕಾವಲನ್ನು ತಾನೇ ಕಾಯುತ್ತಾನೆ. ಟೆಲಿಸ್ಕ್ರೀನಿಗೆ ಬೆನ್ನು ಮಾಡಿ ನಿಲ್ಲುತ್ತಾನೆ, ಆಮೇಲೆ ಬೆನ್ನೂ ಗುಟ್ಟು ಬಿಟ್ಟುಕೊಡಬಹುದು ಎಂದು ಅಳುಕುತ್ತಾನೆ. ಆ ಕಡೆ ತಿರುಗುವ ಮೊದಲು ಮುಖವನ್ನು ನೆಮ್ಮದಿಯ ಮುಖ ಮಾಡಿಕೊಳ್ಳುತ್ತಾನೆ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎನ್ನುತ್ತೇವೆ. ಗಾದೆಯಲ್ಲಿ ಹೆಗಲು ಮುಟ್ಟಿಕೊಂಡವನು ನಿಜವಾದ ಕಳ್ಳ. ಈ ಕಾದಂಬರಿಯಲ್ಲಿ ಎಲ್ಲರ ಕೈಯೂ ಹೆಗಲ ಮೇಲೇ ಇದೆ, ಕಾಯಿ ಕಣ್ಣಲ್ಲೂ ನೋಡದವರ ಕೈ ಕೂಡ.

ಉಪಾಯ ಹಳೆಯದು. 1780ರ ದಶಕದ ಕೊನೆಯಲ್ಲೇ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಾಮ್ ಒಂದು ಜೈಲಿನ ಯೋಜನೆ ಬರೆದಿದ್ದರು. ಸುತ್ತಲೂ ಕೋಣೆಗಳು, ನಡುವೆ ಕಾವಲಿನ ಗೋಪುರ. ಗೋಪುರದಿಂದ ಎಲ್ಲ ಕೋಣೆಯೂ ಕಾಣುತ್ತದೆ, ಕೋಣೆಯಿಂದ ಕಾವಲುಗಾರ ಕಾಣುವುದಿಲ್ಲ. ಪ್ರತಿ ಕ್ಷಣವೂ ಅವನು ನೋಡುತ್ತಿರಬೇಕಾಗಿಯೂ ಇಲ್ಲ. ಬೆಂಥಾಮ್ ಇದನ್ನು ಜನರನ್ನು ತಿದ್ದುವ ಒಳ್ಳೆಯ ದಾರಿ ಎಂದೇ ನಂಬಿದ್ದರು. ಆರ್ವೆಲ್ ಆ ಗೋಪುರವನ್ನು ತಂದು ಮಲಗುವ ಕೋಣೆಯಲ್ಲಿ ನಿಲ್ಲಿಸಿದರು.

ಒಂದು ಸಣ್ಣ ಸಂಗತಿ ಹೇಳುತ್ತೇನೆ, ಪುಸ್ತಕ ಮತ್ತೆ ತೆರೆದು ನೋಡಿ. ವಿನ್‌ಸ್ಟನ್ ಡೈರಿ ಬರೆದು ಮುಚ್ಚಿಡುವಾಗ ರಟ್ಟಿನ ಮೂಲೆಯಲ್ಲಿ ಬಿಳಿ ಧೂಳಿನ ಒಂದು ಕಣ ಇಡುತ್ತಾನೆ. ಯಾರಾದರೂ ತೆಗೆದರೆ ಅದು ಉದುರಿ ಹೋಗಿರುತ್ತದೆ, ಆಗ ತನಗೆ ಗೊತ್ತಾಗುತ್ತದೆ ಎಂಬ ಲೆಕ್ಕ. ಇಷ್ಟು ದೊಡ್ಡ ಸರ್ಕಾರದ ಎದುರು ಅವನಿಗಿದ್ದ ಕಾವಲು ಅಷ್ಟೇ, ಒಂದು ಕಣ ಧೂಳು. ಸಿಕ್ಕಿಬಿದ್ದು ಎಷ್ಟೋ ದಿನದ ಮೇಲೆ ಅವನಿಗೆ ತಿಳಿಯುತ್ತದೆ: ಅವರು ಏಳು ವರ್ಷದಿಂದ ತನ್ನನ್ನು ನೋಡುತ್ತಿದ್ದರು. ಡೈರಿ ಓದಿ, ಆ ಧೂಳಿನ ಕಣವನ್ನೂ ಜೋಪಾನವಾಗಿ ಇದ್ದಲ್ಲೇ ಇಟ್ಟಿದ್ದರು. ಚಿತ್ರಹಿಂಸೆಯ ಪುಟಗಳಿಗಿಂತ ಈ ಸಾಲು ನನ್ನನ್ನು ಜಾಸ್ತಿ ಕಾಡಿದೆ.

ಪ್ರಶ್ನೆ: ನಿಮ್ಮಂಥವರು ಸುಮ್ನೆ ಭಯ ಹಬ್ಬಿಸುತ್ತೀರಿ ಅನ್ನಿಸುತ್ತದೆ. ತಪ್ಪು ಮಾಡದವನಿಗೆ ಕಣ್ಗಾವಲಿನಿಂದ ತೊಂದರೆ ಏನು? ನನ್ನ ಹತ್ತಿರ ಮುಚ್ಚಿಡುವಂಥದ್ದು ಏನೂ ಇಲ್ಲ.

ಉತ್ತರ: ನೇರವಾಗಿ ಕೇಳಿದ್ದೀರಿ, ಅದಕ್ಕೆ ಧನ್ಯವಾದ. ಅದೇ ಕಾದಂಬರಿಯಲ್ಲಿ ನಿಮ್ಮ ಹಾಗೇ ಯೋಚಿಸುವ ಒಬ್ಬನಿದ್ದಾನೆ, ಪಕ್ಕದ ಮನೆಯ ಪಾರ್ಸನ್ಸ್. ಆಳುವ ಪಾರ್ಟಿ ಹೇಳಿದ್ದೇ ವೇದ ಎನ್ನುವ ಸರಳ ಮನುಷ್ಯ. ಅವನೂ ಜೈಲಿಗೆ ಬರುತ್ತಾನೆ. ನಿದ್ದೆಯಲ್ಲಿ ನಾಯಕನ ವಿರುದ್ಧ ಏನೋ ಬಡಬಡಿಸಿದನಂತೆ. ಏಳು ವರ್ಷದ ಮಗಳು ಕೀಲಿರಂಧ್ರದಿಂದ ಕೇಳಿಸಿಕೊಂಡು ಹೋಗಿ ದೂರು ಕೊಟ್ಟಳು. ಅವನಿಗೆ ಮಗಳ ಮೇಲೆ ಸಿಟ್ಟಿಲ್ಲ, ಹೆಮ್ಮೆ ಇದೆ. ತಪ್ಪು ಮಾಡಿಲ್ಲದವರನ್ನು ಪಾರ್ಟಿ ಹಿಡಿಯುತ್ತದೆಯೇ, ನಾನು ತಪ್ಪಿತಸ್ಥನೇ ಇರಬೇಕು ಎಂದುಕೊಳ್ಳುತ್ತಾನೆ. ಯಾವುದು ತಪ್ಪು ಎಂದು ಹೇಳುವವರು ನೀವಲ್ಲ, ನೋಡುವವರು.

ನನ್ನದೇ ಒಂದು ಮಾತು ಹೇಳಬೇಕು. 13ನೇ ವಯಸ್ಸಿನಲ್ಲಿ ನಾನು ಹಾಸ್ಟೆಲಿನಲ್ಲಿದ್ದೆ. ಮನೆಗೆ ಬರೆದ ಕಾಗದವನ್ನು ಅಂಟಿಸದೆ ಕೊಡಬೇಕಿತ್ತು. ವಾರ್ಡನ್ ನೋಡಿ ಅಂಟಿಸುತ್ತಿದ್ದರು. ಎಲ್ಲ ಕಾಗದ ಓದುತ್ತಿದ್ದರೋ ಅಲ್ಲೊಂದು ಇಲ್ಲೊಂದು ಓದುತ್ತಿದ್ದರೋ ನನಗೆ ಕೊನೆಗೂ ಗೊತ್ತಾಗಲಿಲ್ಲ. ಒಮ್ಮೆಯೂ ಬೈದವರಲ್ಲ. ನಾನೂ ಮುಚ್ಚಿಡುವಂಥ ತಪ್ಪು ಮಾಡಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಆ ಕಾಗದಗಳು ಸಿಕ್ಕವು. 31 ಕಾಗದ, ದಾರ ಕಟ್ಟಿ ಇಟ್ಟಿದ್ದರು. ಎಲ್ಲದರಲ್ಲೂ ಒಂದೇ ಒಕ್ಕಣೆ: ‘ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಪಾಠ ಚೆನ್ನಾಗಿ ನಡೆಯುತ್ತಿದೆ.’ ಆ ವರ್ಷ ನಾನು ಎಷ್ಟೋ ರಾತ್ರಿ ಅತ್ತಿದ್ದೆ. ಮೊದಲ ಸಲ ಮುಟ್ಟಾಗಿ ಸಾಯುತ್ತೇನೇನೋ ಎಂದು ಹೆದರಿದ್ದೆ. ಜೀವದ ಗೆಳತಿ ಮಾತು ಬಿಟ್ಟಿದ್ದಳು. ಅದರ ಒಂದಕ್ಷರವೂ ಅಲ್ಲಿಲ್ಲ. ಅಮ್ಮನ ವಿಳಾಸ ಬರೆದು ನಾನು ಅಷ್ಟೂ ಕಾಗದವನ್ನು ವಾರ್ಡನ್‌ಗೇ ಬರೆದಿದ್ದೆ. ತಪ್ಪು ಮಾಡದವರು ಮುಚ್ಚಿಡುವುದು ಇಂಥದ್ದನ್ನು ಸ್ವಾಮಿ.

ಇದು ಮಕ್ಕಳ ಅಂಜಿಕೆ ಎಂದು ತಳ್ಳಿಹಾಕಬೇಡಿ. 2013ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಬಿಟ್ಟುಕೊಟ್ಟ ದಾಖಲೆಗಳಿಂದ ಅಮೆರಿಕ ಸರ್ಕಾರ ಜನರ ಫೋನು, ಇಂಟರ್‌ನೆಟ್ ಮಾಹಿತಿ ಸಂಗ್ರಹಿಸುತ್ತಿದ್ದದ್ದು ಹೊರಬಿತ್ತು. ಆಮೇಲೆ ವಿಕಿಪೀಡಿಯಾದಲ್ಲಿ ಭಯೋತ್ಪಾದನೆಗೆ ಸಂಬಂಧಿಸಿದ ಪುಟಗಳನ್ನು ನೋಡುವವರು ಕಮ್ಮಿಯಾದರು ಎಂದು ಜಾನ್ ಪೆನ್ನಿ ಎಂಬ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಆ ಪುಟ ಓದುವುದು ಅಪರಾಧವಲ್ಲ. ಓದಬೇಡಿ ಎಂದು ಯಾರೂ ಹೇಳಿರಲಿಲ್ಲ. ಜನರೇ ಕೈ ಹಿಂದಕ್ಕೆ ತೆಗೆದುಕೊಂಡರು.

ಅಂದಹಾಗೆ ಆರ್ವೆಲ್ ಮೇಲೂ ಬ್ರಿಟಿಷ್ ಪೊಲೀಸರು ಕಣ್ಣಿಟ್ಟಿದ್ದರು. ಆ ಕಡತ 2007ರಲ್ಲಿ ಹೊರಬಂತು. ಅವರು ಎಂಥ ಬಟ್ಟೆ ಹಾಕುತ್ತಾರೆ ಎಂಬುದೂ ಅದರಲ್ಲಿ ದಾಖಲಾಗಿದೆ.

ಪ್ರಶ್ನೆ: ಈ ಬಗೆಯ ಕಾದಂಬರಿಗಳಲ್ಲಿ ‘1984’ ಮೊದಲನೆಯದಾ?

ಉತ್ತರ: ಅಲ್ಲ. ಅದು ಬಂದದ್ದು 1949ರ ಜೂನ್‌ನಲ್ಲಿ. ಅದಕ್ಕೂ ಮೊದಲೇ, 1920-21ರಲ್ಲಿ, ರಷ್ಯಾದ ಯೆವ್ಗೆನಿ ಜಮ್ಯಾತಿನ್ ‘ನಾವು’ ಎಂಬ ಅರ್ಥದ ಹೆಸರಿನ ಕಾದಂಬರಿ ಬರೆದಿದ್ದರು. ಅವರು ಹಡಗು ಕಟ್ಟುವ ಎಂಜಿನಿಯರ್. ಅವರ ಲೋಕದಲ್ಲಿ ಮನೆಗಳೆಲ್ಲ ಗಾಜಿನವು. ಜನರಿಗೆ ಹೆಸರಿಲ್ಲ, ನಂಬರ್ ಇದೆ. ಪರದೆ ಇಳಿಸಲು ಗುಲಾಬಿ ಬಣ್ಣದ ಚೀಟಿ ಬೇಕು. ಪುಸ್ತಕ 1924ರಲ್ಲಿ ಇಂಗ್ಲಿಷಿನಲ್ಲಿ ನ್ಯೂಯಾರ್ಕಿನಿಂದ ಬಂತು. ಬರೆದವನ ಸ್ವಂತ ದೇಶದಲ್ಲಿ ಅಚ್ಚಾದದ್ದು 1988ರಲ್ಲಿ. ಆರ್ವೆಲ್ ಅದನ್ನು ಓದಿ 1946ರಲ್ಲಿ ವಿಮರ್ಶೆಯನ್ನೂ ಬರೆದಿದ್ದರು.

ಪ್ರಶ್ನೆ: ನಾನೇ ಒಂದು ಡಿಸ್ಟೋಪಿಯಾ ಕಾದಂಬರಿ ಬರೆಯುತ್ತಿದ್ದೇನೆ. ಬೀದಿಗೆ ನೂರು ಕ್ಯಾಮೆರಾ, ಆಕಾಶದಲ್ಲಿ ಡ್ರೋನ್, ಚರ್ಮದೊಳಗೆ ಚಿಪ್ ಎಲ್ಲ ಇದೆ. ಓದಿದ ಗೆಳೆಯರು ‘ಭಯವೇ ಆಗಲಿಲ್ಲ’ ಎನ್ನುತ್ತಾರೆ. ಏನು ತಪ್ಪಿದೆ?

ಉತ್ತರ: ನಿಮ್ಮ ಕಾದಂಬರಿಯಲ್ಲಿ ಒಬ್ಬರ ಮುಂದೆ ಇನ್ನೊಬ್ಬರು ಹೆದರುವ ದೃಶ್ಯ ಇದೆಯಾ? ಯಂತ್ರದ ಮುಂದೆ ಎಲ್ಲರೂ ಒಂದೇ ಥರ ಹೆದರುತ್ತಾರೆ, ಅದನ್ನು ಎರಡು ಪುಟದಲ್ಲಿ ಹೇಳಿ ಮುಗಿಸಬಹುದು. ಜೊತೆಗಿರುವವರ ಮುಂದಿನ ಭಯಕ್ಕೆ ಕೊನೆಯಿಲ್ಲ.

ಮಾರ್ಗರೆಟ್ ಅಟ್ವುಡ್ 1985ರಲ್ಲಿ ಪ್ರಕಟಿಸಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ನೋಡಿ. ಇತಿಹಾಸದಲ್ಲಿ ಎಲ್ಲೋ ಒಂದು ಕಡೆ ನಡೆಯದೇ ಇದ್ದದ್ದನ್ನು ಅದರಲ್ಲಿ ಹಾಕಿಲ್ಲ ಎಂದು ಅವರೇ ಹೇಳಿದ್ದಾರೆ. ಧರ್ಮದ ಹೆಸರಲ್ಲಿ ಆಳುವ ಆ ದೇಶದಲ್ಲಿ ದಾಸಿಯರಾದ ಹೆಂಗಸರು ಅಂಗಡಿಗೆ ಜೋಡಿಯಾಗಿಯೇ ಹೋಗಬೇಕು. ಇವಳು ಅವಳನ್ನು ಕಾಯುತ್ತಾಳೆ, ಅವಳು ಇವಳನ್ನು. ಮುಖದ ಎರಡೂ ಬದಿಗೆ ಬಿಳಿ ರೆಕ್ಕೆಯಂಥ ಟೋಪಿ, ಪಕ್ಕದವಳ ಕಣ್ಣು ಕಾಣುವುದಿಲ್ಲ. ಎಷ್ಟೋ ದಿನ ಕಲಿಸಿಕೊಟ್ಟ ಮಾತನ್ನಷ್ಟೇ ಆಡುತ್ತಾ ನಡೆಯುತ್ತಾರೆ. ಒಂದು ದಿನ ಇಬ್ಬರೂ ಒಂದು ಅಂಗಡಿಯ ಕಿಟಕಿಯ ಮುಂದೆ ನಿಲ್ಲುತ್ತಾರೆ. ಒಳಗೆ ಪ್ರಾರ್ಥನೆ ಅಚ್ಚು ಹಾಕುವ ಯಂತ್ರಗಳು. ಗಾಜಿನಲ್ಲಿ ಮೊದಲ ಸಲ ಒಬ್ಬರ ಕಣ್ಣು ಒಬ್ಬರಿಗೆ ಕಾಣುತ್ತದೆ. ಜೊತೆಗಾತಿ ಮೆಲ್ಲಗೆ ಕೇಳುತ್ತಾಳೆ, ದೇವರು ಈ ಯಂತ್ರಗಳ ಮಾತು ಕೇಳುತ್ತಾನೆ ಅನ್ನಿಸುತ್ತದಾ ನಿನಗೆ? ಅಷ್ಟೇ ಪ್ರಶ್ನೆ. ‘ಇಲ್ಲ’ ಎಂದರೆ ಅದು ದ್ರೋಹ. ಕೇಳಿದವಳು ಗೂಢಚಾರಿಣಿ ಇರಬಹುದು. ಉತ್ತರ ಕೊಡುವ ಮೊದಲಿನ ಆ ಎರಡು ಗಳಿಗೆಯಲ್ಲಿ ಓದುಗರ ಕೈ ತಣ್ಣಗಾಗುತ್ತದೆ. ಒಂದು ಕ್ಯಾಮೆರಾವೂ ಬೇಕಾಗಲಿಲ್ಲ ನೋಡಿ.

ರೇ ಬ್ರಾಡ್‌ಬರಿ 1953ರ ‘ಫ್ಯಾರನ್‌ಹೀಟ್ 451’ರಲ್ಲಿ ಇನ್ನೊಂದು ದಾರಿ ಹಿಡಿದರು. ಪುಸ್ತಕ ಇಟ್ಟುಕೊಳ್ಳುವುದೇ ಅಪರಾಧವಾದ ಆ ಲೋಕದಲ್ಲಿ, ಪುಸ್ತಕ ಬಚ್ಚಿಟ್ಟವನ ಮೇಲೆ ದೂರು ಕೊಡುವವಳು ಅವನ ಹೆಂಡತಿ. ಅವನು ಓಡುವಾಗ ಟಿವಿಯಲ್ಲಿ ಅಪ್ಪಣೆ ಬರುತ್ತದೆ: ಎಲ್ಲರೂ ಒಟ್ಟಿಗೆ ಬಾಗಿಲು ತೆರೆದು ಹೊರಗೆ ನೋಡಿ. ಆಗ ಪೂರ್ತಿ ನಗರವೇ ಕಣ್ಣಾಗುತ್ತದೆ.

ನಿಜ ಜೀವನದಲ್ಲೂ ಹೀಗೇ ನಡೆದಿದೆ. ಸುಮಾರು 1.6 ಕೋಟಿ ಜನರಿದ್ದ ಪೂರ್ವ ಜರ್ಮನಿಯ ಗುಪ್ತಪೊಲೀಸ್ ಸ್ಟಾಸಿಯಲ್ಲಿ 1989ರಲ್ಲಿ ಸುಮಾರು 91,000 ಸಂಬಳದ ನೌಕರರಿದ್ದರು. ಅದರ ಮೇಲೆ ಗುಟ್ಟಾಗಿ ಸುದ್ದಿ ಮುಟ್ಟಿಸುವವರು ಲಕ್ಷಕ್ಕೂ ಜಾಸ್ತಿ. 1992ರ ಜನವರಿಯಲ್ಲಿ ಕಡತ ತೆರೆದಾಗ ಜನ ತಮ್ಮ ಕಡತ ತಾವೇ ಓದಲು ಬಂದರು. ಕೆಲವರಿಗೆ ಅದರಲ್ಲಿ ಸಿಕ್ಕಿದ್ದು ಗೆಳೆಯರ, ಗಂಡನ ಗುರುತು. ನಿಮ್ಮ ಡ್ರೋನ್‌ಗಳನ್ನು ಸ್ವಲ್ಪ ಕೆಳಗಿಳಿಸಿ. ಒಂದು ಅಧ್ಯಾಯ ಊಟದ ಮೇಜಿನ ಮುಂದೆ ಬರೆಯಿರಿ. ನಾಲ್ಕು ಜನ, ಒಬ್ಬ ಹೇಳುವವನು. ಯಾರೆಂದು ನಿಮಗೂ ಮೊದಲೇ ಗೊತ್ತಿರಬಾರದು.

ಪ್ರಶ್ನೆ: ಜನರನ್ನು ಹಿಡಿತದಲ್ಲಿಡಲು ಭಯವೇ ಬೇಕಾ?

ಉತ್ತರ: ಬೇಡ ಎಂದವರು ಆಲ್ಡಸ್ ಹಕ್ಸ್ಲಿ. ಅವರ 1932ರ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಸುಖವೇ ಸಂಕೋಲೆ, ಬೇಜಾರಾದರೆ ನುಂಗಲು ಮಾತ್ರೆ ಇದೆ. ‘1984’ ಬಂದ ವರ್ಷವೇ ಆರ್ವೆಲ್‌ಗೆ ಕಾಗದ ಬರೆದು, ಮುಂದೆ ಬರುವ ಆಡಳಿತಗಳು ತನ್ನ ಪುಸ್ತಕದ ದಾರಿಯನ್ನೇ ಹಿಡಿಯುತ್ತವೆ ಎಂದಿದ್ದರು. ನನಗೆ ಕೇಳಿದರೆ, ಸುಖ ಕೊಟ್ಟು ಹಿಡಿದಿಟ್ಟ ಕಡೆಯೂ ಹಿಂದಿನ ಕೋಣೆಯಲ್ಲಿ ಭಯ ಕಾದು ಕೂತಿರುತ್ತದೆ. ಮಾತ್ರೆ ಒಲ್ಲೆ ಎಂದವನಿಗೆ ಅದು ಕಾಣುತ್ತದೆ.

ಪ್ರಶ್ನೆ: ಮಗಳಿಗೆ 15 ವರ್ಷ. ಇಂಥ ಪುಸ್ತಕಗಳನ್ನೇ ಒಂದರ ಮೇಲೊಂದು ಓದುತ್ತಿದ್ದಾಳೆ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಕಾಗದ ಅಂಟಿಸಿದ್ದಾಳೆ. ಸರಿಯಾಗಿ ನಿದ್ದೆ ಮಾಡುತ್ತಿಲ್ಲ. ಮೊನ್ನೆ ಅವಳ ಫೋನ್ ತೆಗೆದು ನೋಡಿದೆ ಎಂದು ಮೂರು ದಿನ ಮಾತಾಡಲಿಲ್ಲ. ‘ನೀನೂ ಟೆಲಿಸ್ಕ್ರೀನ್’ ಎಂದಳು. ಓದುವುದನ್ನು ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ ತಾಯಿ. ಆದರೆ ‘1984’ರ ಮೂರನೇ ಭಾಗದಲ್ಲಿ ಚಿತ್ರಹಿಂಸೆ ತುಂಬಾ ಇದೆ. ಅದನ್ನು ಅವಳು ರಾತ್ರಿ ಒಬ್ಬಳೇ ಓದುವುದು ಬೇಡ. ಕ್ಯಾಮೆರಾದ ಮೇಲಿನ ಕಾಗದ ಇರಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಜೊತೆಗೆ ಅವಳಿಗೆ ಒಂದು ವಿಷಯ ತೋರಿಸಿ. ಕಥೆ ಮುಗಿದ ಮೇಲೆ ಆ ಪುಸ್ತಕದ ಕೊನೆಯಲ್ಲಿ ಸರ್ಕಾರದ ಹೊಸ ಭಾಷೆಯ ಬಗ್ಗೆ ಒಂದು ಅನುಬಂಧವಿದೆ. ಅದು ಪೂರ್ತಿ ಭೂತಕಾಲದಲ್ಲಿದೆ, ಆ ಆಡಳಿತ ಹಿಂದೆಂದೋ ಇತ್ತು ಎನ್ನುವ ಹಾಗೆ. ಅಟ್ವುಡ್ ಕಾದಂಬರಿ ಮುಗಿಯುವುದು 2195ರಲ್ಲಿ, ಆ ಕರಾಳ ದೇಶವನ್ನು ಇತಿಹಾಸದ ಪಾಠವಾಗಿ ಓದುವ ಒಂದು ಸಭೆಯಲ್ಲಿ. ನಿದ್ದೆಗೆಟ್ಟ ಎಷ್ಟೋ ವಿದ್ಯಾರ್ಥಿಗಳಿಗೆ ನಾನು ಈ ಎರಡು ಜಾಗ ತೋರಿಸಿದ್ದೇನೆ.

ಫೋನಿನ ವಿಷಯ. ನೀವು ಸರ್ಕಾರವಲ್ಲ, ಅಮ್ಮ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನೋಡಲೇಬೇಕು ಅನ್ನಿಸಿದರೆ ಮೊದಲೇ ಹೇಳಿ, ಯಾಕೆ ಎಂದು ಹೇಳಿ, ಅವಳ ಎದುರಿಗೇ ನೋಡಿ. ಕದ್ದು ಮಾತ್ರ ನೋಡಬೇಡಿ. ನನ್ನ 31 ಕಾಗದಗಳ ಕಥೆ ಮೇಲೆ ಬರೆದಿದ್ದೇನಲ್ಲ, ನಿಮ್ಮ ಮಗಳು ನಿಮಗೆ ಹಾಗೆ ‘ಚೆನ್ನಾಗಿದ್ದೇನೆ’ ಎಂದು ಬರೆಯುವವಳಾಗಬಾರದು.

ಮಾತು ಶುರು ಮಾಡುವುದು ಹೇಗೆ ಎಂದು ತೋಚದಿದ್ದರೆ ‘1984’ರ ಎರಡನೇ ಭಾಗದ ಏಳನೇ ಅಧ್ಯಾಯ ತೆಗೆಯಿರಿ. ಅಲ್ಲಿ ವಿನ್‌ಸ್ಟನ್‌ಗೆ ಬಾಲ್ಯ ನೆನಪಾಗುತ್ತದೆ. ಹಸಿವಿನ ದಿನಗಳು, ಮನೆಯಲ್ಲಿ ಒಂದು ತುಂಡು ಚಾಕೊಲೇಟ್. ಅಮ್ಮ ಮುಕ್ಕಾಲು ಪಾಲು ಅವನಿಗೇ ಕೊಡುತ್ತಾಳೆ. ಅವನು ಪುಟ್ಟ ತಂಗಿಯ ಪಾಲನ್ನೂ ಕಿತ್ತುಕೊಂಡು ಬಾಗಿಲ ಕಡೆ ಓಡುತ್ತಾನೆ. ತಿರುಗಿ ನೋಡಿದರೆ ಅಮ್ಮ ಮಗುವನ್ನು ತೋಳಿನಿಂದ ಬಳಸಿ ಎದೆಗೆ ಒತ್ತಿಕೊಂಡಿದ್ದಾಳೆ. ಅದರಿಂದ ಚಾಕೊಲೇಟ್ ವಾಪಸ್ ಬರುವುದಿಲ್ಲ. ಅವಳು ಸುಮ್ಮನೆ ಮಗುವನ್ನು ಹಿಡಿದುಕೊಂಡಿದ್ದಾಳೆ. ಆ ಎರಡು ಪುಟವನ್ನು ಮಗಳ ಪಕ್ಕ ಕೂತು ಜೋರಾಗಿ ಓದಿ. ಓದಿದ ಮೇಲೆ ಅವಳು ಏನು ಹೇಳಿದಳು ಎಂದು ನನಗೆ ಬರೆಯಬೇಡಿ. ಅದು ನಿಮ್ಮಿಬ್ಬರ ಮಾತು.