ಟ್ರ್ಯಾಕಿಗೆ ಓಡಿಸೋ ಹಾಟ್ ಹ್ಯಾಚ್‌ಗೆ ಈಗ ಕ್ಲಚ್ ಹಾಕ್ಸಿ, ಎಲ್‌ಎಸ್‌ಡಿ ಆಮೇಲೆ ಹಾಕ್ಸಬಹುದಾ?

ನೀವು ಕೇಳಿರೋದು ಇಷ್ಟು ತಾನೆ: ಪವರ್ ಏರಿಸೋಕೆ ಇಂಜಿನ್ ಸಾಫ್ಟ್‌ವೇರ್ ಬದಲಾಯಿಸಿದ (ರೀಮ್ಯಾಪ್) ಮೇಲೆ ನಾಲ್ಕನೇ ಗೇರಲ್ಲಿ ಕ್ಲಚ್ ಸ್ಲಿಪ್ ಆಗ್ತಿದೆ, ಎರಡನೇ ಗೇರ್ ತಿರುವಿಂದ ಹೊರಗೆ ಬರೋವಾಗ ಒಳಗಡೆ ಮುಂಚಕ್ರ ಗಿರಗಿರ ತಿರುಗುತ್ತೆ, ಸದ್ಯಕ್ಕೆ ಕ್ಲಚ್ ಮಾತ್ರ ಮಾಡ್ಸಿ ಎಲ್‌ಎಸ್‌ಡಿ, ಅಂದ್ರೆ ಇಂಜಿನ್ ಬಲವನ್ನ ಎರಡು ಚಕ್ರಕ್ಕೆ ಹಂಚೋ ಡಿಫರೆನ್ಷಿಯಲ್ಲಲ್ಲಿ ಒಂದೇ ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯೋ ಲಿಮಿಟೆಡ್ ಸ್ಲಿಪ್ ಜಾತಿ, ಮುಂದಿನ ವರ್ಷ ನೋಡ್ಕೊಳ್ಳೋಣ್ವಾ ಅಂತ. ದಯವಿಟ್ಟು ಹಾಗೆ ಮಾಡ್ಬೇಡಿ. ಎರಡೂ ಒಟ್ಟಿಗೆ ಮಾಡ್ಸಿ. ದುಡ್ಡು ಈಗ ಸಾಲಲ್ಲ ಅಂದ್ರೆ ಎರಡನ್ನೂ ಮುಂದಕ್ಕೆ ಹಾಕಿ, ಅಲ್ಲೀವರೆಗೂ ಕಂಪನಿ ಕೊಟ್ಟ ಹಳೇ ಸಾಫ್ಟ್‌ವೇರಲ್ಲೇ (ಸ್ಟಾಕ್ ಮ್ಯಾಪ್) ಓಡ್ಸಿ, ಸ್ಲಿಪ್ ಆಗ್ತಿರೋ ಕ್ಲಚ್ ಮೇಲೆ ಟರ್ಬೋದ ಫುಲ್ ಬೂಸ್ಟ್ ಹಾಕ್ತಾ ಹೋದ್ರೆ ಕ್ಲಚ್ ಒತ್ಕೊಳ್ಳೋ ಫ್ಲೈವೀಲೂ ಸುಟ್ಟು ಖರ್ಚು ಇನ್ನೂ ಏರುತ್ತೆ.

ನಾನು ನೀವಂದ ಥರಾನೇ ಮಾಡಿದ್ದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ನಂದೂ 2 ಲೀಟರ್ ಟರ್ಬೋ, ಇಂಜಿನ್ ಮುಂಚಕ್ರಗಳನ್ನ ತಿರುಗಿಸೋ ಮುಂಚಕ್ರದ ಗಾಡಿ. ಮೊದಲು ಕ್ಲಚ್ ಹಾಕ್ಸಿದೆ, ಎಂಟು ತಿಂಗಳಾದ್ಮೇಲೆ ಎಲ್‌ಎಸ್‌ಡಿ. ಎರಡು ಸಲಾನೂ ಡ್ರೈವ್‌ಶಾಫ್ಟ್ ಬಿಚ್ಚಿ, ಸಬ್‌ಫ್ರೇಮ್ ಇಳಿಸಿ, ಮೌಂಟ್ ತೆಗ್ದು ಗೇರ್‌ಬಾಕ್ಸ್ ಕೆಳಗೆ ಇಳಿಸ್ಬೇಕಾಯ್ತು, ಒಂದೇ ಸಲ ಬಳಸೋ ಬೋಲ್ಟುಗಳನ್ನೆಲ್ಲ ಎರಡು ಸಲ ಹೊಸದಾಗಿ ತರಿಸಿದೆ. ಇಂಥ ಗಾಡೀಲಿ ಡಿಫರೆನ್ಷಿಯಲ್ ಇರೋದೇ ಗೇರ್‌ಬಾಕ್ಸ್ ಒಳಗೆ, ಕ್ಲಚ್ ಅದರ ಬಾಯಲ್ಲಿ, ಹಾಗಾಗಿ ಮುಕ್ಕಾಲು ಪಾಲು ಕೂಲಿ ಎರಡಕ್ಕೂ ಒಂದೇ.

ಈಗ ಒಳಚಕ್ರ ಯಾಕೆ ತಿರುಗುತ್ತೆ ಅಂತ. ಮಾಮೂಲಿ ಓಪನ್ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಟಾರ್ಕ್ (ತಿರುಗಿಸೋ ಬಲ) ಕೊಡುತ್ತೆ, ಅದರ ಗುಣಾನೇ ಅದು. ತಿರುವಲ್ಲಿ ಭಾರ ಎಲ್ಲ ಹೊರಗಡೆ ವಾಲಿರುತ್ತೆ, ಒಳಗಿನ ಟೈರು 100 ನ್ಯೂಟನ್ ಮೀಟರ್ ಅಷ್ಟೇ ತಡ್ಕೊಳ್ಳುತ್ತೆ ಅಂದ್ಕೊಳ್ಳಿ, ಆಗ ಹೊರಗಿನ ಟೈರಿಗೆ 300 ತಡ್ಕೊಳ್ಳೋ ತಾಕತ್ತಿದ್ರೂ ಸಿಗೋದು 100 ಮಾತ್ರ, ಮಿಕ್ಕ ಪವರ್ ಎಲ್ಲ ಒಳಗಿನ ಟೈರನ್ನ ಸುಡೋಕೆ ಹೋಗುತ್ತೆ. ಕಂಪನಿಯಿಂದ ಬರೋ ಬ್ರೇಕ್ ಆಧಾರಿತ ಎಲೆಕ್ಟ್ರಾನಿಕ್ ಡಿಫ್ ಇದಕ್ಕೆ ಪರಿಹಾರ ಅಂತಾರೆ, ರಸ್ತೇಲಿ ನಿಜವಾಗ್ಲೂ ಚೆನ್ನಾಗೇ ಕೆಲಸ ಮಾಡುತ್ತೆ, ಆದ್ರೆ ಟ್ರ್ಯಾಕಲ್ಲಿ ಪ್ರತಿ ತಿರುವಲ್ಲೂ ಒಳಚಕ್ರವನ್ನ ಬ್ರೇಕ್ ಹಾಕಿ ಹಿಡಿಯೋದ್ರಿಂದ ಮುಂದಿನ ಬ್ರೇಕ್ ಪ್ಯಾಡು ಬಿಸಿಯಾಗ್ತಾನೇ ಇರುತ್ತೆ.

ಎಲ್‌ಎಸ್‌ಡಿಯ ಎರಡು ಜಾತೀಲಿ ಯಾವುದು, ಗೇರಿಂದ ಕೆಲಸ ಮಾಡೋ ಹೆಲಿಕಲ್ಲಾ, ಒತ್ಕೊಳ್ಳೋ ಪ್ಲೇಟುಗಳಿಂದ ಕೆಲಸ ಮಾಡೋ ಪ್ಲೇಟಾ ಅಂತ ಕೇಳಿದ್ರಿ. ಗಾಡಿ ರಸ್ತೇಲೂ ಓಡುತ್ತೆ, ಮಾಮೂಲಿ ಟ್ರ್ಯಾಕ್ ಟೈರ್ ಹಾಕ್ತೀರ ಅಂದ್ರೆ ಹೆಲಿಕಲ್ ತಗೊಳ್ಳಿ, ಎರಡನೇ ಯೋಚನೆ ಬೇಡ. ಅದರಲ್ಲಿ ಗೇರುಗಳು ಕೇಸಿಂಗಿಗೆ ಒತ್ಕೊಂಡು ಘರ್ಷಣೆ ಹುಟ್ಟಿಸಿ ಹಿಡಿತ ಇರೋ ಚಕ್ರಕ್ಕೆ ಟಾರ್ಕ್ ದಾಟಿಸ್ತವೆ. ಬಯಾಸ್ ರೇಶಿಯೋ, ಅಂದ್ರೆ ಹಿಡಿತ ಇರೋ ಚಕ್ರಕ್ಕೆ ಇನ್ನೊಂದರ ಎಷ್ಟು ಪಟ್ಟು ಟಾರ್ಕ್ ಕೊಡಬಲ್ಲದು ಅನ್ನೋದು, ಎರಡೂವರೆ ಇದ್ರೆ ಮೇಲಿನ ಲೆಕ್ಕದಲ್ಲಿ ಹೊರಚಕ್ರಕ್ಕೆ 250 ಸಿಗುತ್ತೆ. ಸವೆಯೋ ಪ್ಲೇಟಿಲ್ಲ, ಸದ್ದಿಲ್ಲ, ಆಯಿಲ್ ಬದಲಾಯಿಸ್ತಾ ಇದ್ರೆ ಸಾಕು. 1997ರ ಇಕೆ9 ಸಿವಿಕ್ ಟೈಪ್ ಆರ್‌ಗೆ ಹೋಂಡಾದವರು ಕೊಟ್ಟಿದ್ದೂ ಇದೇ ಜಾತಿ, 2002ರ ಫೋಕಸ್ ಆರ್‌ಎಸ್‌ಗೆ ಫೋರ್ಡ್‌ನವರು ಹಾಕಿದ್ದ ಕ್ವೈಫ್ ಕಂಪನಿಯ ಎಟಿಬಿ ಡಿಫ್ಫೂ ಇದೇ ಜಾತಿ. ಇದಕ್ಕೆ ಇರೋ ಮಿತಿ ಒಂದೇ, ಒಳಚಕ್ರ ಪೂರ್ತಿ ಗಾಳೀಲಿ ಎದ್ರೆ ಸೊನ್ನೆಯನ್ನ ಎಷ್ಟರಿಂದ ಗುಣಿಸಿದ್ರೂ ಸೊನ್ನೆ ತಾನೆ, ಓಪನ್ ಡಿಫ್ ಥರಾನೇ ಆಗ್ಬಿಡುತ್ತೆ. ನೀವು ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಹತ್ತಿಸಿ ಓಡ್ಸೋರಾದ್ರೆ, ಸ್ಲಿಕ್ ಟೈರ್ ಹಾಕಿ ರೇಸಿಗೆ ಇಳಿಯೋರಾದ್ರೆ ಆಗ ಪ್ಲೇಟ್ ಡಿಫ್ ಸರಿ, ಅದರಲ್ಲಿ ಪ್ಲೇಟುಗಳನ್ನ ಯಾವಾಗ್ಲೂ ಒತ್ತಿ ಹಿಡಿದಿರೋ ಪ್ರೀಲೋಡ್ ಇರೋದ್ರಿಂದ ಚಕ್ರ ಎದ್ರೂ ಸ್ವಲ್ಪ ಹಿಡಿತ ಉಳಿಯುತ್ತೆ, ಆದ್ರೆ ಪ್ಲೇಟ್ ಸವೆಯುತ್ತೆ, ಆಗಾಗ ಬಿಚ್ಚಿ ರೀಬಿಲ್ಡ್ ಮಾಡ್ಬೇಕು. ಮುಂಚಕ್ರದ ಗಾಡಿಗೆ 2-ವೇ ಮಾತ್ರ ಬೇಡ, ಆಕ್ಸಿಲರೇಟರ್ ಬಿಟ್ಟಾಗ್ಲೂ ಅಷ್ಟೇ ಬಿಗಿಯಾಗಿ ಲಾಕ್ ಆಗಿ ತಿರುವಿನ ಒಳಗೆ ಹೋಗೋಕೇ ಮೂತಿ ಒಪ್ಪಲ್ಲ.

ಬಿಲ್ಡ್ ಮಾಡೋರ ಹತ್ರ ಎರಡು ವಿಷಯ ಮೊದಲೇ ಕೇಳಿ. ಡಿಫ್ ತಿರುಗಿಸೋ ದೊಡ್ಡ ಗೇರನ್ನ (ಕ್ರೌನ್ ವೀಲ್) ಹಳೇ ಡಿಫ್‌ಗೆ ರಿವೆಟ್ ಹೊಡೆದಿದ್ರೆ ಅದನ್ನ ಡ್ರಿಲ್ ಮಾಡಿ ತೆಗೀಬೇಕು, ಹೊಸದಕ್ಕೆ ಬೋಲ್ಟ್ ಕಿಟ್ ಬೇಕು, ಲೋಹದ ಪುಡಿ ಒಂದು ಚೂರೂ ಉಳೀದ ಹಾಗೆ ತೊಳೀಬೇಕು. ಎರಡನೇದು ಬೇರಿಂಗ್ ಪ್ರೀಲೋಡ್, ಅಂದ್ರೆ ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕು ಅನ್ನೋದು, ಇದರಲ್ಲೇ ನಾನು ನೊಂದಿದ್ದು. ಹೊಸ ಡಿಫ್‌ನ ಅಳತೆ ಹಳೇದಕ್ಕಿಂತ ಮಿಲಿಮೀಟರಿನ ನೂರನೇ ಒಂದೆರಡು ಭಾಗ ಆಚೀಚೆ ಇದ್ದೇ ಇರುತ್ತೆ, ಅಳೆದು ಆ ಸಂದಿಗೆ ಸರಿಯಾದ ತೆಳು ಬಿಲ್ಲೆ (ಶಿಮ್) ಹಾಕ್ಬೇಕು. ನನ್ನ ಗಾಡಿ ಮಾಡಿದ ವರ್ಕ್‌ಶಾಪಲ್ಲಿ ಅಳೀದೇ ಹಳೇ ಶಿಮ್ಮನ್ನೇ ವಾಪಸ್ ಹಾಕಿದ್ರು. 80 ಕಿಲೋಮೀಟರ್ ವೇಗದ ಆಸುಪಾಸಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಸಣ್ಣಗೆ ಊಂ ಅನ್ನೋ ಸದ್ದು, ಕಾಲಿಟ್ರೆ ಮಾಯ. ಆರು ವಾರ ಅದನ್ನ ಟೈರ್ ಸದ್ದು ಅಂದ್ಕೊಂಡೆ. ಬಿಚ್ಚಿ ನೋಡಿದಾಗ ಒಂದು ಕಡೆ ಬೇರಿಂಗ್ ರೇಸ್ ಮೇಲೆ ನೀಲಿ ಕಲೆ, ಉಗುರಿಂದ ಸವರಿದ್ರೆ ಸಣ್ಣ ಸಣ್ಣ ಗುಳಿ ಸಿಗ್ತಿತ್ತು. ಬೇರಿಂಗ್ ಹೊಸದೇ ಹಾಕ್ಸಿ, ಅಳತೆ ಬರೆದ ಚೀಟಿ ಕೇಳಿ ಇಸ್ಕೊಳ್ಳಿ.

ಕ್ಲಚ್ ವಿಷಯ ಸಲೀಸು. ಅದು ನಿಮ್ಮ ಲ್ಯಾಪ್ ಟೈಮ್ ಕಡಿಮೆ ಮಾಡಲ್ಲ, ಸ್ಲಿಪ್ ಆಗ್ದೇ ಇದ್ರೆ ಅದರ ಕೆಲಸ ಮುಗೀತು. ಇಂಜಿನ್ನಿನ ಗರಿಷ್ಠ ಟಾರ್ಕಿಗಿಂತ 20-30 ಪರ್ಸೆಂಟ್ ಜಾಸ್ತಿ ತಡೆಯೋ ಆರ್ಗ್ಯಾನಿಕ್ ಪ್ಲೇಟ್, ಜೊತೆಗೆ ಗಟ್ಟಿ ಪ್ರೆಶರ್ ಪ್ಲೇಟ್, ಇಷ್ಟು ಸಾಕು. ಪೂರ್ತಿ ಪ್ಲೇಟಿನ ಬದಲು ಆರು ಲೋಹದ ತುಂಡು (ಪಕ್) ಇರೋ ಸಿಂಟರ್ಡ್ ಕ್ಲಚ್ ಹಾಕ್ಸೋ ಆಸೆ ನಿಮ್ಮ ಪ್ರಶ್ನೆಯಲ್ಲಿ ಕಾಣ್ತಿದೆ, ಅದು ಹಿಡಿಯೋದಕ್ಕೂ ಬಿಡೋದಕ್ಕೂ ಪೆಡಲಲ್ಲಿ ಇರೋ ಅಂತರ ಕೂದಲೆಳೆಯಷ್ಟು, ಪಿಟ್‌ನಲ್ಲಿ ನಿಧಾನವಾಗಿ ಸರಿಸೋವಾಗ, ರಿವರ್ಸ್ ಹಾಕೋವಾಗ ಗಾಡಿ ಕಪ್ಪೆ ಥರ ಕುಪ್ಪಳಿಸುತ್ತೆ. ಇನ್ನು ಪ್ರೆಶರ್ ಪ್ಲೇಟ್ ಅಗತ್ಯಕ್ಕಿಂತ ಗಟ್ಟಿಯಾದಷ್ಟೂ ಪೆಡಲ್ ಒತ್ತಿದಾಗೆಲ್ಲ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಮೇಲೆ ಆ ಒತ್ತಡ ಬೀಳುತ್ತೆ. ಒಳಗಿನ ಸ್ಪ್ರಿಂಗಿಂದ ನಡುಕ ಹೀರ್ಕೊಳ್ಳೋ ಡ್ಯುಯಲ್ ಮಾಸ್ ಫ್ಲೈವೀಲ್ ಚೆನ್ನಾಗಿದ್ರೆ ಇಟ್ಕೊಳ್ಳಿ, ಸಿಂಗಲ್ ಮಾಸ್ ಹಾಕಿದ್ರೆ ಐಡಲಲ್ಲಿ ಗೇರ್‌ಬಾಕ್ಸ್ ಕಟಕಟ ಅನ್ನುತ್ತೆ, ಅದಕ್ಕೆ ಮನಸ್ಸು ಒಗ್ಗಿಸ್ಕೊಂಡಿರಿ. ರಿಲೀಸ್ ಬೇರಿಂಗು, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲು ಇದೇ ಸಮಯದಲ್ಲಿ ಬದಲಾಯಿಸಿ. ಅಂದಹಾಗೆ ಹಳೇ ಪ್ಲೇಟ್ ಆಚೆ ಬಂದಾಗ ಕೈಯಲ್ಲಿ ಹಿಡಿದು ನೋಡಿ, ಆಯಿಲ್ ಜಿಡ್ಡು ಇದ್ರೆ ನಿಮ್ಮ ಸ್ಲಿಪ್‌ಗೆ ಕಾರಣ ರೀಮ್ಯಾಪ್ ಅಲ್ಲ, ಆ ಸೀಲು.

ಆಯಿಲ್ ಬಗ್ಗೆ ಹುಷಾರು. ಡಿಫ್ ಮತ್ತೆ ಗೇರ್ ಸಲೀಸಾಗಿ ಬೀಳೋ ಹಾಗೆ ಮಾಡೋ ಸಿಂಕ್ರೋಗಳು ಒಂದೇ ಆಯಿಲಲ್ಲಿ ಮುಳುಗಿರ್ತವೆ, ಹೆಲಿಕಲ್ ಆದ್ರೆ ಗೇರ್‌ಬಾಕ್ಸಿಗೆ ಕಂಪನಿ ಹೇಳಿದ ಗ್ರೇಡೇ ಹಾಕಿ, ಎಲ್‌ಎಸ್‌ಡಿ ಅಂತ ಹಿಂದಿನ ಆಕ್ಸಲಿಗೆ ಮಾಡಿದ ದಪ್ಪನೆ ಆಯಿಲ್ ಹುಯ್ದ್ರೆ ತಣ್ಣಗಿರೋವಾಗ ಎರಡನೇ ಗೇರ್ ಬೀಳೋದೇ ಇಲ್ಲ.

ಹಾಕ್ಸಿದ್ಮೇಲೆ ಓಡ್ಸೋ ರೀತೀನೂ ಬದಲಾಗುತ್ತೆ. ನಂಗೆ ಮೊದಲ ಲ್ಯಾಪಲ್ಲೇ ಗೊತ್ತಾಯ್ತು, ಯಾವಾಗ್ಲೂ ಟೈರ್ ಕಿರುಚ್ತಿದ್ದ ಅದೇ ಎರಡನೇ ಗೇರ್ ಹೇರ್‌ಪಿನ್, ತಿರುವಿನ ಒಳ ಅಂಚಿಗೆ ತೀರಾ ಹತ್ರ ಬರೋ ಏಪೆಕ್ಸಲ್ಲಿ ಮೆಲ್ಲಗೆ ಕಾಲಿಟ್ಟೆ, ಸ್ಟೀರಿಂಗ್ ಕೈಯಲ್ಲಿ ಭಾರವಾಯ್ತು, ಮೂತಿ ಹೊರಗೆ ಜಾರೋ ಬದಲು ಒಳಗೆ ಎಳ್ಕೊಂಡು ಹೋಯ್ತು. ಆವತ್ತಿನ ಖುಷಿ ಇವತ್ತಿಗೂ ಇದೆ. ಆದ್ರೆ ಕಾಲನ್ನ ಒಮ್ಮೆಗೇ ಒತ್ತಬಾರದು, ಹಿಂಡಿದ ಹಾಗೆ ಒತ್ತಬೇಕು, ಸ್ಟೀರಿಂಗ್ ಎರಡೂ ಕೈಲಿ ಗಟ್ಟಿಯಾಗಿ ಹಿಡೀಬೇಕು, ಉಬ್ಬುತಗ್ಗಿನ ರಸ್ತೇಲಿ ಅದು ಆ ಕಡೆ ಈ ಕಡೆ ಎಳೆಯುತ್ತೆ. ಎಳೆತ ಮಿತಿ ಮೀರಿದ್ರೆ ಲೋವರ್ ಆರ್ಮ್ ಬುಷ್ಷು, ಟೋ ಅಳತೆ (ಚಕ್ರಗಳು ಒಳಗೋ ಹೊರಗೋ ತಿರುಗಿರೋ ಕೋನ), ಎರಡೂ ಕಡೆ ಟೈರಿನ ಸವೆತ ಒಂದೇ ಸಮ ಇದೆಯಾ, ಇದನ್ನ ನೋಡ್ಸಿ, ಡಿಫ್ ಮೇಲೆ ಆಮೇಲೆ ಅನುಮಾನ ಪಡಿ.

ಮೊದಲ 800 ಕಿಲೋಮೀಟರ್ ಊರೊಳಗೆ ಗೇರ್ ಬದಲಾಯಿಸ್ತಾ ಓಡ್ಸಿ, ಕ್ಲಚ್ ಕೂತ್ಕೊಳ್ಳಲಿ. ಆಮೇಲೆ ಒಂದು ಟ್ರ್ಯಾಕ್ ಡೇ ಮುಗಿಸಿ ಗೇರ್ ಆಯಿಲ್ ಬದಲಾಯಿಸಿ, ಡ್ರೇನ್ ಪ್ಲಗ್ಗಿನ ಆಯಸ್ಕಾಂತ ಬೆರಳಲ್ಲಿ ಒರೆಸಿ ನೋಡಿ. ಬೂದಿ ಬಣ್ಣದ ನುಣ್ಣನೆ ಪೇಸ್ಟ್ ಇದ್ರೆ ಸರಿ, ಉಗುರಿಗೆ ಸಿಗೋ ಅಂಥ ಚೂರು ಬಂದ್ರೆ ಗಾಡಿ ಮತ್ತೆ ಓಡಿಸ್ದೇ ಅಲ್ಲೇ ನಿಲ್ಸಿ ಬಿಚ್ಸಿ.